ಎಳೆಯ ನಾಯಿಯ ನವೆ ಮತ್ತು ತುರಿಕೆ

ನಾಯಿಯು ರೈತನ ಮನೆಯ ಸಂಬಳವಿಲ್ಲದ ಕಾವಲುಗಾರ. ಹುಲ್ಲಿನ ಬಣವೆ, ಕೊಟ್ಟಿಗೆ, ಕೋಳಿಗೂಡು ಇವೆಲ್ಲದರ ಮೇಲೂ ಅದರ ಕಣ್ಣಿರುತ್ತದೆ. ಇಂಥ ನಾಯಿಯು ಎಂಟು ಹತ್ತು ತಿಂಗಳ ಪ್ರಾಯಕ್ಕೆ ಬರುತ್ತಲೇ ಹಗಲಿರುಳೂ ಮೈ ಕೆರೆದುಕೊಳ್ಳಲಾರಂಭಿಸುವುದುಂಟು. ರಾತ್ರಿ ಅದಕ್ಕೆ ನಿದ್ರೆ ಇಲ್ಲ, ಅದು ಕೆರೆಯುವ ಸದ್ದಿಗೆ ಮನೆಯವರಿಗೂ ನಿದ್ರೆ ಇಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ. ಕೂದಲು ಉದುರಿ ಚರ್ಮ ಕೆಂಪೇರುತ್ತದೆ. ಮುಟ್ಟಲು ಹೋದ ಮಕ್ಕಳ ಮೇಲೆ ಸಿಡುಕುತ್ತದೆ.

ಆಗ ಮನೆಯವರು ಮಾಡುವುದು ಸಾಮಾನ್ಯವಾಗಿ ಎರಡರಲ್ಲೊಂದು. ಮೊದಲು ಕೈಗೆ ಸಿಕ್ಕಿದ್ದನ್ನು ಬಳಿಯುತ್ತಾರೆ: ಟ್ರ್ಯಾಕ್ಟರಿನ ಸುಟ್ಟ ಆಯಿಲ್, ಸೀಮೆಎಣ್ಣೆ, ಫಿನಾಯಿಲ್, ಇಲ್ಲವೇ ದನದ ಉಣ್ಣೆಗೆ ತಂದ ಔಷಧಿ. ಅದರಿಂದ ಗುಣ ಕಾಣದಿದ್ದರೆ “ಕಜ್ಜಿ ನಾಯಿ” ಎಂದು ದೂರದ ರಸ್ತೆಗೆ ಒಯ್ದು ಬಿಟ್ಟು ಬರುತ್ತಾರೆ. ಮೊದಲನೆಯದು ನಾಯಿಯ ಪ್ರಾಣಕ್ಕೇ ಎರವಾಗಬಹುದು. ಎರಡನೆಯದು, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಈಡುಮಾಡಿ ತೊರೆಯುವುದಾದ್ದರಿಂದ, 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಇವೆರಡಕ್ಕೂ ಹೋಗುವ ಅಗತ್ಯವೇ ಇಲ್ಲ. ತುರಿಕೆಯು ಒಂದು ರೋಗವಲ್ಲ, ರೋಗದ ಗುರುತು. ಮೈ ಕಾದಿರುವುದು ಜ್ವರದ ಗುರುತಾದಂತೆ. ಗುರುತಿನ ಹಿಂದಿರುವ ಕಾರಣವನ್ನು ಸರದಿಯಂತೆ ಹುಡುಕಿದರೆ ಬಹುಪಾಲು ನಾಯಿಗಳು ನೆಮ್ಮದಿಯಿಂದ ಬಾಳಬಲ್ಲವು.

ಬಾಣಸವಾಡಿಯ ಕಡೆಯಲ್ಲಿ ಈಚೆಗೆ ಈ ತೊಂದರೆ ಹೆಚ್ಚು ಕಿವಿಗೆ ಬೀಳುವುದಕ್ಕೆ ಕಾರಣವಿಲ್ಲದಿಲ್ಲ. ಹಿಂದೆ ಇಲ್ಲಿದ್ದವು ಹೊಲ, ತೋಪು, ಕೆರೆಯಂಗಳ. ಗಿಡ್ಡ ಕೂದಲಿನ ಊರನಾಯಿ ಹೊಲದಲ್ಲಿ ಓಡಾಡಿ, ಬಿಸಿಲಲ್ಲಿ ಮಲಗಿ, ರಾಗಿಮುದ್ದೆ ತಿಂದು ಬೆಳೆಯುತ್ತಿತ್ತು. ಇಂದು ಆ ನೆಲದ ಬಹುಭಾಗ ಬಡಾವಣೆಗಳಾಗಿವೆ. 1809ರಲ್ಲಿ ದಂಡು ಪ್ರದೇಶ ಏರ್ಪಟ್ಟಂದಿನಿಂದ ವಿಲಾಯತಿ ತಳಿಯ ನಾಯಿಗಳು ಬೆಂಗಳೂರಿನ ಪೂರ್ವ ಭಾಗಕ್ಕೆ ಹೊಸತಲ್ಲ. ಆದರೆ ಈಗ ಬಿದರಹಳ್ಳಿ ಹೋಬಳಿಯ ಹಳ್ಳಿಗಳವರೆಗೂ ಲ್ಯಾಬ್ರಡಾರ್, ಪಗ್, ಗೋಲ್ಡನ್ ರಿಟ್ರೀವರ್ ಮರಿಗಳು ಬಂದಿವೆ. ಒಗ್ಗದ ವಸ್ತುವಿಗೆ ಚರ್ಮ ಕೆರಳುವ ಗುಣವು ಇಂಥ ಕೆಲವು ತಳಿಗಳಲ್ಲಿ ವಂಶದಿಂದ ಬರುವುದು ಹೆಚ್ಚು. ಮೇಲಾಗಿ ದಟ್ಟ ಕೂದಲಿನ ನಾಯಿಯನ್ನು ಮೆಟ್ಟಿಲ ಕೆಳಗೆ ತೇವದ ಸಿಮೆಂಟು ನೆಲದ ಮೇಲೆ ಕಟ್ಟುವುದರಿಂದ ಹುಳುಹುಪ್ಪಟೆಗಳಿಗೆ ಅನುಕೂಲವಾಗುತ್ತದೆ. ಊರನಾಯಿಗೆ ತುರಿಕೆ ಬರುವುದಿಲ್ಲವೆಂದು ಇದರ ಅರ್ಥವಲ್ಲ. ಅದಕ್ಕೂ ಬರುತ್ತದೆ, ಆದರೆ ಗಿಡ್ಡ ಕೂದಲಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ.

ಎಲ್ಲಿ ಕೆರೆಯುತ್ತದೆ ಎಂಬುದನ್ನು ನೋಡಿರಿ

ಮದ್ದಿಗೆ ಮೊದಲು ಒಂದು ದಿನ ಸುಮ್ಮನೆ ಕುಳಿತು ನಾಯಿಯನ್ನು ಗಮನಿಸಬೇಕು. ತುರಿಕೆಯ ಜಾಗವೇ ಅರ್ಧ ಕಥೆ ಹೇಳುತ್ತದೆ. ಬೆನ್ನಿನ ಹಿಂಭಾಗ, ಬಾಲದ ಬುಡ, ಹಿಂದೊಡೆಗಳನ್ನು ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಮೇಲೆ ಅನುಮಾನ ಪಡಬೇಕು. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಿಣ್ಣು, ಹೊಟ್ಟೆಯ ಕೆಳಭಾಗಗಳಲ್ಲಿ ಹಕ್ಕಳೆ ಕಟ್ಟಿ ಸಹಿಸಲಾರದಷ್ಟು ನವೆ ಇದ್ದರೆ ಅದು ಕಜ್ಜಿಯ ನುಸಿ ಇರಬಹುದು. ಪಾದಗಳನ್ನು ಸದಾ ನೆಕ್ಕುವುದು, ಮುಖವನ್ನು ಗೋಡೆಗೆ ಉಜ್ಜುವುದು, ಕಿವಿಯಲ್ಲಿ ಪದೇಪದೇ ದುರ್ವಾಸನೆಯ ಗುಗ್ಗೆ, ಕಂಕುಳು ಮತ್ತು ತೊಡೆಸಂದಿನಲ್ಲಿ ಕೆಂಪು, ಇವು ಅಲರ್ಜಿಯ ಲಕ್ಷಣಗಳು. ಬಿಳಿ ನಾಯಿಯಾದರೆ ನೆಕ್ಕಿದ ಪಾದದ ಕೂದಲು ಜೊಲ್ಲಿನಿಂದ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣಿನ ಸುತ್ತ, ತುಟಿಯ ಬದಿ, ಮುಂಗಾಲುಗಳ ಮೇಲೆ ಬಿಲ್ಲೆಯಂತೆ ಕೂದಲು ಉದುರಿದ್ದು, ನವೆ ಮಾತ್ರ ಅಷ್ಟಾಗಿ ಇಲ್ಲದಿದ್ದರೆ ಅದು ಇನ್ನೊಂದು ಬಗೆಯ ನುಸಿ. ಅದರ ವಿಚಾರ ಮುಂದೆ ಬರುತ್ತದೆ.

ಇವು ಸುಳಿವುಗಳೇ ಹೊರತು ತೀರ್ಪಲ್ಲ. ಒಂದೇ ನಾಯಿಗೆ ಎರಡು ಮೂರು ಕಾರಣಗಳು ಕೂಡಿರುವುದೂ ಸಾಮಾನ್ಯ.

ಮೊದಲ ಕಳ್ಳ ಚಿಗಟ

ತುರಿಕೆಯ ಯಾವ ನಾಯಿಗಾದರೂ ಮೊದಲು ಮಾಡಬೇಕಾದ ಪರೀಕ್ಷೆ ಚಿಗಟದ್ದು. ಒಂದು ಬಿಳಿಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ನೆಲದ ಮೇಲೆ ಹಾಸಿ, ಅದರ ಮೇಲೆ ನಾಯಿಯನ್ನು ನಿಲ್ಲಿಸಿ, ಬಾಲದ ಬುಡದ ಕೂದಲನ್ನು ಹೇನಿನ ಬಾಚಣಿಗೆಯಿಂದ ಬಾಚಬೇಕು. ಕರಿ ಎಳ್ಳಿಗಿಂತ ಸಣ್ಣ ಕಪ್ಪು ಪುಡಿ ಉದುರಿ, ಒದ್ದೆ ಬಟ್ಟೆಯ ಮೇಲೆ ಅದರ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ. ಚಿಗಟವು ಹೀರಿ ವಿಸರ್ಜಿಸಿದ ರಕ್ತ. ಒಂದು ಚಿಗಟವೂ ಕಣ್ಣಿಗೆ ಬೀಳದಿದ್ದರೂ ಈ ಗುರುತು ಸಾಕು. ಚಿಗಟದ ಜೊಲ್ಲು ಒಗ್ಗದ ನಾಯಿಗೆ ನಾಲ್ಕಾರು ಕಡಿತವೇ ದಿನವಿಡೀ ಕೆರೆಯಲು ಸಾಕಾಗುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಹೀಗೆ. ನಾಯಿಗೆ ಒಂದು ದಿನ ಔಷಧಿ ಹಾಕಿ ಸ್ನಾನ ಮಾಡಿಸುತ್ತಾರೆ. ನಾಲ್ಕು ದಿನ ಸುಖ. ಹತ್ತನೆಯ ದಿನಕ್ಕೆ ಮತ್ತೆ ಮೊದಲಿನಂತೆ. “ಔಷಧಿಯಲ್ಲಿ ಸತ್ವವಿಲ್ಲ” ಎಂದು ಬೈಯುತ್ತಾರೆ. ತಪ್ಪು ಔಷಧಿಯದಲ್ಲ. ಹೆಣ್ಣು ಚಿಗಟವು ದಿನಕ್ಕೆ 40ರಿಂದ 50 ಮೊಟ್ಟೆಗಳವರೆಗೆ ಇಡಬಲ್ಲದು. ಮೊಟ್ಟೆಗಳು ಮೈಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮಲಗುವ ಗೋಣಿ, ಮೂಲೆಯ ಧೂಳು, ನೆಲದ ಬಿರುಕುಗಳಿಗೆ ಉದುರುತ್ತವೆ. ಅಲ್ಲಿ ಮರಿಹುಳು ಹುಟ್ಟಿ, ಬೆಳಕಿಗೆ ಅಂಜಿ ಸಂದುಗಳಲ್ಲಿ ಅಡಗಿ, ಕೊನೆಗೆ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೆ ಅದು ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಉಸಿರಿನ ಕಾವು ತಾಕಿತೋ, ಚಂಗನೆ ಹೊರಗೆ ಹಾರುತ್ತದೆ. ಆದ್ದರಿಂದ ನಾಯಿಯ ಮೈಮೇಲಿನ ಚಿಗಟ ಇಡೀ ಸಂಸಾರದ ಒಂದು ಚಿಕ್ಕ ಪಾಲು ಮಾತ್ರ. ಮಿಕ್ಕದ್ದೆಲ್ಲ ನಮ್ಮ ನೆಲದಲ್ಲಿದೆ.

ಬಲು ಚಳಿಯ ದೇಶಗಳಲ್ಲಿ ಚಳಿಗಾಲವು ಮನೆಯ ಹೊರಗಿನ ಚಿಗಟವನ್ನು ಕೊಲ್ಲುತ್ತದೆ. ನಮ್ಮ ಬೆಂಗಳೂರಿನ ಹವೆ ಮನುಷ್ಯರಿಗೆ ಹಿತವಾದಂತೆ ಚಿಗಟಕ್ಕೂ ಹಿತ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಕಾವು ಮತ್ತು ತೇವದ ಗಾಳಿ ಅದಕ್ಕೆ ಬಲು ಮೆಚ್ಚು. ಮುಂಗಾರಿನಿಂದ ಹಿಡಿದು ಅಕ್ಟೋಬರಿನ ಮಳೆ ನಿಲ್ಲುವವರೆಗೆ ಅದರ ಸುಗ್ಗಿ, ಉಳಿದ ತಿಂಗಳಲ್ಲಿಯೂ ಅದು ನಿರ್ನಾಮವಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಪಶುವೈದ್ಯರು ನಾಯಿಯ ತೂಕ ನೋಡಿ ಬರೆದುಕೊಟ್ಟ ಚಿಗಟದ ಮದ್ದನ್ನು ಕ್ರಮ ತಪ್ಪದೆ ಕನಿಷ್ಠ ಮೂರು ತಿಂಗಳಾದರೂ ನಡೆಸಬೇಕು. ಕತ್ತಿನ ಹಿಂದೆ ಚರ್ಮಕ್ಕೆ ಬಿಡುವ ಹನಿಮದ್ದುಗಳಿವೆ. 2013ರ ಈಚೆಗೆ ಬಾಯಲ್ಲಿ ನುಂಗಿಸುವ ಹೊಸ ಮಾತ್ರೆಗಳೂ ಬಂದಿವೆ. ಫ್ಲೂರಲಾನರ್, ಅಫಾಕ್ಸೊಲಾನರ್ ಎಂಬವು ಈ ಬಗೆಯವು. ಒಂದು ಮಾತ್ರೆಯ ಗುಣ, ಬಗೆಯನ್ನನುಸರಿಸಿ, ಒಂದರಿಂದ ಮೂರು ತಿಂಗಳು ನಿಲ್ಲುತ್ತದೆ. ಚಿಗಟ, ಉಣ್ಣೆ ಎರಡಕ್ಕೂ ಆಗುತ್ತದೆ. ಬೆಲೆ ಸ್ವಲ್ಪ ಹೆಚ್ಚೆನಿಸಿದರೂ, ಮೂರು ಬಾರಿ ಕೆಲಸಕ್ಕೆ ಬಾರದ ಪುಡಿ ಕೊಳ್ಳುವುದಕ್ಕಿಂತ ಇದೇ ಅಗ್ಗ ಎಂಬುದು ನಮ್ಮ ಅಭಿಪ್ರಾಯ. ಮೂರ್ಛೆ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮನೆಯಲ್ಲಿ ಎರಡು ಮೂರು ನಾಯಿ, ಬೆಕ್ಕು ಇದ್ದರೆ ಎಲ್ಲಕ್ಕೂ ಮದ್ದು ಆಗಬೇಕು. ಆದರೆ ನಾಯಿಯ ಮದ್ದನ್ನು ಬೆಕ್ಕಿಗೆ ಎಂದೂ ಹಾಕಕೂಡದು. ಪರ್ಮೆತ್ರಿನ್ ಸೇರಿದ ನಾಯಿಯ ಹನಿಮದ್ದು ಬೆಕ್ಕನ್ನು ಕೊಲ್ಲುತ್ತದೆ.

ಇದರ ಜೊತೆಗೆ ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಒಗೆದು ಸುಡುಬಿಸಿಲಿನಲ್ಲಿ ಒಣಗಿಸಬೇಕು. ಹಳೆಯ ಗೋಣಿಯಾದರೆ ಸುಟ್ಟುಬಿಡುವುದೇ ಲೇಸು. ನಾಯಿ ಮಲಗುವ ಜಾಗದ ಮೂಲೆಮುಡುಕುಗಳನ್ನು ದಿನವೂ ಗುಡಿಸಿ ಕಸವನ್ನು ದೂರ ಹಾಕಬೇಕು. ಚಿಗಟವನ್ನು ಕಚ್ಚಿ ನುಂಗಿದ ನಾಯಿಗೆ ಅದರಿಂದ ಲಾಡಿಹುಳು ಸೇರುತ್ತದೆ. ಮಲದಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಹುಳುವಿನ ಮಾತ್ರೆಯೂ ಬೇಕು.

ಉಣ್ಣೆಯ ಬಗ್ಗೆ ಒಂದು ಮಾತು. ನಾಯಿಯಿಂದಲೇ ಹಸುವಿಗೆ ಉಣ್ಣೆ ಹತ್ತಿತು ಎಂಬ ದೂರು ಹಳ್ಳಿಗಳಲ್ಲಿ ಹಳೆಯದು. ಬಹುಮಟ್ಟಿಗೆ ಇದು ನಿಜವಲ್ಲ. ನಾಯಿಯ ಕಂದು ಉಣ್ಣೆಯ ಜಾತಿ ಬೇರೆ, ದನದ ಉಣ್ಣೆಯ ಜಾತಿ ಬೇರೆ. ನಾಯಿಯ ಉಣ್ಣೆ ರಕ್ತ ಹೀರಿ ಉಬ್ಬಿದ ಮೇಲೆ ಇಳಿದು ಗೋಡೆ ಹತ್ತಿ ಬಿರುಕಿನಲ್ಲಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿ ಕಟ್ಟುವ ಜಾಗದ ಗೋಡೆಯ ಬಿರುಕುಗಳನ್ನು ಸಿಮೆಂಟು ಮೆತ್ತಿ ಮುಚ್ಚುವುದು ಅರ್ಧ ಮದ್ದಿಗೆ ಸಮ. ಮೈಗೆ ಕಚ್ಚಿದ ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ಸಾಬೂನಿನ ನೀರಿಗೆ ಹಾಕಿ. ಬೆರಳಿನಲ್ಲಿ ಹಿಸುಕಬಾರದು, ಬೆಂಕಿಕಡ್ಡಿ ತಾಗಿಸಬಾರದು. ಉಣ್ಣೆಯಿಂದ ನಾಯಿಗೆ ರಕ್ತದ ಜ್ವರಗಳು ಅಂಟುತ್ತವೆ. ಉಣ್ಣೆ ಹತ್ತಿದ ನಾಯಿ ಮಂಕಾಗಿ ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಆ ದಿನವೇ ವೈದ್ಯರ ಬಳಿಗೆ ಒಯ್ಯಬೇಕು.

ಎರಡು ಬಗೆಯ ನುಸಿ

ಜನರು ಕಜ್ಜಿ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ರೋಗಗಳಿವೆ. ಮೊದಲನೆಯದರ ನುಸಿ ಚರ್ಮದೊಳಗೆ ಬಿಲ ಕೊರೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ನವೆ ಅತಿ ಘೋರ. ನಾಯಿಯ ಕಿವಿಯ ಅಂಚನ್ನು ನೀವು ಬೆರಳಿನಲ್ಲಿ ಉಜ್ಜಿದರೆ ಅದರ ಹಿಂಗಾಲು ತಾನಾಗಿ ಕೆರೆಯಲು ಎದ್ದರೆ ಈ ರೋಗದ ಅನುಮಾನ ಬಲವಾಗುತ್ತದೆ. ಇದು ನಾಯಿಯಿಂದ ನಾಯಿಗೆ ಅಂಟುತ್ತದೆ. ಎತ್ತಿ ಆಡಿಸಿದ ಮಕ್ಕಳ ತೋಳು, ಹೊಟ್ಟೆಯ ಮೇಲೂ ಕೆಂಪು ಗುಳ್ಳೆಗಳು ಏಳಬಹುದು. ಹೆದರಬೇಕಾಗಿಲ್ಲ. ನಾಯಿಯ ನುಸಿ ಮನುಷ್ಯರಲ್ಲಿ ನೆಲೆ ನಿಲ್ಲದು, ನಾಯಿಗೆ ವಾಸಿಯಾದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ಹೋಗದಿದ್ದರೆ ಮನುಷ್ಯರ ವೈದ್ಯರಿಗೆ ತೋರಿಸಿ. ಪಶುವೈದ್ಯರು ಚರ್ಮವನ್ನು ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಸಿ ಆಳದಲ್ಲಿರುವುದರಿಂದ ಎಷ್ಟೋ ವೇಳೆ ಸಿಗುವುದಿಲ್ಲ. ಸಿಗದಿದ್ದರೂ ಲಕ್ಷಣ ನೋಡಿ ಮದ್ದು ಕೊಡುವುದು ವಾಡಿಕೆ. ಒಳ್ಳೆಯ ಸಂಗತಿಯೆಂದರೆ ಈ ರೋಗ ಪೂರ್ತಿ ವಾಸಿಯಾಗುತ್ತದೆ.

ಎರಡನೆಯ ನುಸಿಯು ಕೂದಲಿನ ಬುಡದಲ್ಲಿ ವಾಸಿಸುವಂಥದು. ತಾಯಿಯ ಮೊಲೆ ಕುಡಿಯುವ ಮೊದಲ ದಿನಗಳಲ್ಲೇ ಮರಿಗೆ ಬಂದಿರುತ್ತದೆ. ಬಹುತೇಕ ಎಲ್ಲ ನಾಯಿಗಳಲ್ಲೂ ನಾಲ್ಕಾರು ಇದ್ದೇ ಇರುತ್ತವೆ, ತೊಂದರೆ ಕೊಡುವುದಿಲ್ಲ. ಮರಿಯ ಮೈಯ ಶಕ್ತಿ ಕುಂದಿದಾಗ, ಹೊಟ್ಟೆಹುಳು ಹೆಚ್ಚಾದಾಗ, ಊಟ ಸಾಲದಾದಾಗ ಲೆಕ್ಕವಿಲ್ಲದಷ್ಟು ಬೆಳೆದು ಕೂದಲು ಉದುರಿಸುತ್ತವೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಒಂದೆರಡು ಬಿಲ್ಲೆಗಳು ಮಾತ್ರ ಇದ್ದರೆ ಎಳೆಯ ನಾಯಿಯಲ್ಲಿ ತಾನಾಗಿಯೇ ವಾಸಿಯಾಗುವುದೇ ಹೆಚ್ಚು. ಮೈತುಂಬ ಹರಡಿ ಕೀವು ಕಟ್ಟಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು.

ಈ ಎರಡನ್ನೂ ಬೇರ್ಪಡಿಸದೆ ಕಂಡಕಂಡವರಿಂದ ತುರಿಕೆ ನಿಲ್ಲಿಸುವ ಚುಚ್ಚುಮದ್ದು ಹಾಕಿಸುವುದು ಅಪಾಯ. ಸ್ಟಿರಾಯ್ಡ್ ಎಂಬ ಆ ಮದ್ದು ನವೆಯನ್ನು ಒಂದೇ ದಿನದಲ್ಲಿ ಅಡಗಿಸುವುದು ನಿಜ. ಆದರೆ ಅದು ಮೈಯ ಎದುರಿಸುವ ಶಕ್ತಿಯನ್ನೂ ಕುಗ್ಗಿಸುವುದರಿಂದ ಎರಡನೆಯ ನುಸಿ ಕಾಡ್ಗಿಚ್ಚಿನಂತೆ ಹಬ್ಬುತ್ತದೆ.

ಬಳಿಯಬಾರದ್ದು, ಚುಚ್ಚಬಾರದ್ದು

ಸುಟ್ಟ ಆಯಿಲ್‌ನಿಂದ ಕಜ್ಜಿ ವಾಸಿಯಾಗುತ್ತದೆಂಬ ನಂಬಿಕೆ ಬಲವಾಗಿದೆ. ಎಣ್ಣೆ ಮುಚ್ಚಿಕೊಂಡು ಕೆಲವು ನುಸಿಗಳು ಸತ್ತಾವು. ನಾಯಿ ಮಾತ್ರ ಆ ಎಣ್ಣೆಯನ್ನು ನೆಕ್ಕುತ್ತದೆ. ಎಂಜಿನ್ನಿನಲ್ಲಿ ಸವೆದ ಲೋಹ ಮತ್ತು ಇತರ ವಿಷಗಳು ಹೊಟ್ಟೆ ಸೇರುತ್ತವೆ, ಒಡೆದ ಚರ್ಮದ ಮೂಲಕವೂ ಒಳಗಿಳಿಯುತ್ತವೆ. ಸೀಮೆಎಣ್ಣೆ ಮತ್ತು ಫಿನಾಯಿಲ್ ಚರ್ಮವನ್ನು ಸುಡುತ್ತವೆ. ನೆಲಕ್ಕೆ ಫಿನಾಯಿಲ್ ಹಾಕಿ ತೊಳೆದು ನೀರು ಬಿಡದೆ ಅದರ ಮೇಲೆಯೇ ನಾಯಿಯನ್ನು ಮಲಗಿಸಿದರೆ ಹೊಟ್ಟೆಯ ಚರ್ಮ, ಅಂಗಾಲು ಕೆಂಪಾಗುತ್ತವೆ. ಎಷ್ಟೋ ಮನೆಗಳಲ್ಲಿ ತುರಿಕೆಗೆ ಇದೇ ಕಾರಣವಾಗಿರುತ್ತದೆ, ಯಾರೂ ಅದರ ಮೇಲೆ ಅನುಮಾನ ಪಡುವುದಿಲ್ಲ!

ಹಿಂದಿನ ಕಾಲದಲ್ಲಿ ಬಿ.ಎಚ್.ಸಿ. ಪುಡಿಯನ್ನು ನಾಯಿಗೂ ದನಕ್ಕೂ ಎರಚುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದು 1997ರಲ್ಲಿಯೇ ನಿಷೇಧವಾಗಿದೆ. ಎಲ್ಲಾದರೂ ಹಳೆಯ ಡಬ್ಬಿ ಉಳಿದಿದ್ದರೂ ಮುಟ್ಟಬೇಡಿ. ಬೆಳೆಗೆ ಸಿಂಪಡಿಸುವ ಯಾವ ಕೀಟನಾಶಕವನ್ನೂ ನಾಯಿಯ ಮೈಗೆ ತಾಗಿಸತಕ್ಕದ್ದಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಕೊಟ್ಟಿಗೆಯ ಕಪಾಟಿನಲ್ಲಿರುವ ಐವರ್‌ಮೆಕ್ಟಿನ್ ಚುಚ್ಚುಮದ್ದಿನ ವಿಷಯದಲ್ಲಿ. ದನಕ್ಕೆ ಕೊಡುವ ಶೇಕಡಾ 1ರ ಮದ್ದಿನಲ್ಲಿ 1 ಮಿಲಿಲೀಟರು 50 ಕಿಲೋ ತೂಕದ ಪ್ರಾಣಿಗೆ ಲೆಕ್ಕ. ಹತ್ತು ಕಿಲೋ ತೂಗುವ ಎಳೆ ನಾಯಿಗೆ “ಒಂದೇ ಒಂದು ಮಿಲಿ” ಎಂದು ಚುಚ್ಚಿದರೆ ಆ ಲೆಕ್ಕದಲ್ಲಿಯೇ ಐದು ಪಟ್ಟಾಯಿತು. ಕಾಲಿ ಮುಂತಾದ ಕುರಿಕಾಯುವ ವಿಲಾಯತಿ ತಳಿಗಳಿಗೂ ಅವುಗಳ ಬೆರಕೆಗೂ ಕಡಿಮೆ ಪ್ರಮಾಣವೇ ವಿಷವಾಗಬಲ್ಲದು, ಏಕೆಂದರೆ ಹುಟ್ಟಿನಿಂದ ಬಂದ ಕೊರತೆಯಿಂದಾಗಿ ಆ ಮದ್ದು ಅವುಗಳ ಮಿದುಳನ್ನು ಹೊಗುತ್ತದೆ. ನಾಯಿ ತೂರಾಡುವುದು, ಜೊಲ್ಲು ಸುರಿಸುವುದು, ಕಣ್ಣು ಕಾಣದೆ ಗೋಡೆಗೆ ಹಾಯುವುದು, ಕೊನೆಗೆ ಪ್ರಜ್ಞೆ ತಪ್ಪುವುದು, ಇವು ಅದರ ಲಕ್ಷಣ. ವೈದ್ಯರು ಇದೇ ಮದ್ದನ್ನು ನಾಯಿಗೆ ಬಳಸುವುದುಂಟು, ತೂಕ ಮತ್ತು ತಳಿ ನೋಡಿ ಬಳಸುತ್ತಾರೆ. ದನದ ಉಣ್ಣೆಗೆ ತಂದ ಅಮಿಟ್ರಾಜ್ ದ್ರವವೂ ಹಾಗೆಯೇ, ನೆಕ್ಕಿದರೆ ವಿಷ. ಯಾವುದಾದರೂ ಇಂಥದು ಮೈಗೆ ಬಿದ್ದು ನಾಯಿ ನಡುಗಿದರೆ, ಮೃದುವಾದ ಸಾಬೂನಿನಿಂದ ತೊಳೆದು, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಬೇಕು.

ಉಣ್ಣೆ ಹೋಗಲೆಂದು ಈರುಳ್ಳಿ ಬೆಳ್ಳುಳ್ಳಿ ತಿನ್ನಿಸುವವರೂ ಇದ್ದಾರೆ. ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಹುಳು ಇಲ್ಲದೆಯೂ ತುರಿಕೆ

ಚಿಗಟ, ಉಣ್ಣೆ, ನುಸಿ ಯಾವುದೂ ಇಲ್ಲವೆಂದು ಖಚಿತವಾದ ಮೇಲೆಯೂ ನಾಯಿ ಕೆರೆಯುತ್ತಿದ್ದರೆ ಆಹಾರದ ಕಡೆಗೆ ನೋಡಬೇಕು. ದನದ ಮಾಂಸ, ಹಾಲು, ಕೋಳಿ, ಗೋಧಿ ಇವು ಒಗ್ಗದ ನಾಯಿಗಳುಂಟು. ನಮ್ಮ ಕಡೆ ಕೋಳಿ ಅಂಗಡಿಯ ಉಳಿಕೆ, ಹಾಲು ಅನ್ನ, ಬ್ರೆಡ್ಡು, ಬಿಸ್ಕತ್ತುಗಳೇ ನಾಯಿಯ ಊಟವಾದ್ದರಿಂದ ಇದು ಗಮನಾರ್ಹ. ಇದಕ್ಕೆ ನಂಬತಕ್ಕ ರಕ್ತಪರೀಕ್ಷೆ ಇಲ್ಲ. ಪರೀಕ್ಷೆಯೆಂದರೆ ಪಥ್ಯವೇ. ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ ಅಥವಾ ಮೀನು, ಜೊತೆಗೆ ಆಲೂಗಡ್ಡೆಯಂಥ ಒಂದೇ ಹಿಟ್ಟಿನ ಪದಾರ್ಥ, ಉಪ್ಪು ಖಾರ ಒಗ್ಗರಣೆ ಇಲ್ಲದೆ ಬೇಯಿಸಿ ಎಂಟು ವಾರ ಅದನ್ನೇ ಕೊಡಬೇಕು. ಮುಳ್ಳು ಮೂಳೆ ತೆಗೆದಿರಬೇಕು. ಬೆಳೆಯುವ ಮರಿಗಾದರೆ ವೈದ್ಯರನ್ನು ಕೇಳಿಯೇ ಮಾಡಬೇಕು, ಏಕೆಂದರೆ ಇಂಥ ಊಟದಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶ ಸಾಲದು. ತುರಿಕೆ ತಗ್ಗಿದರೆ ಹಳೆಯ ಆಹಾರಗಳನ್ನು ಒಂದೊಂದಾಗಿ ಮತ್ತೆ ಕೊಟ್ಟು ನೋಡಬೇಕು. ಮರಳಿ ಕೆರೆಯುವಂತೆ ಮಾಡಿದ್ದೇ ಅಪರಾಧಿ. ಈ ಎಂಟು ವಾರಗಳಲ್ಲಿ ಅಜ್ಜಿ ಪ್ರೀತಿಯಿಂದ ಎಸೆದ ಒಂದು ಬಿಸ್ಕತ್ತೂ ಪರೀಕ್ಷೆಯನ್ನು ಕೆಡಿಸುತ್ತದೆ. ಪಥ್ಯ ಕೆಡುವುದು ಬಹುಮಟ್ಟಿಗೆ ಹೀಗೆಯೇ.

ಆಹಾರವೂ ಕಾರಣವಲ್ಲವೆಂದಾದರೆ ಉಳಿಯುವುದು ಗಾಳಿಯ ಧೂಳು, ಹೂಪರಾಗ, ಹಾಸಿಗೆಯ ಧೂಳುನುಸಿಗಳ ಅಲರ್ಜಿ. ಇದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆದೋರುತ್ತದೆ. ಖಾಲಿ ನಿವೇಶನಗಳಲ್ಲಿ ಮಳೆಯ ನಂತರ ತುಂಬಿ ನಿಲ್ಲುವ ಕಾಂಗ್ರೆಸ್ ಗಿಡವನ್ನು ಇಲ್ಲಿ ನೆನೆಯಲೇಬೇಕು. ಇದು ಮನುಷ್ಯರ ಚರ್ಮಕ್ಕೆ ನವೆ ತರುವುದೂ, ತಿಂದ ದನಗಳ ಚರ್ಮದಲ್ಲಿ ಹುಣ್ಣೇಳಿಸುವುದೂ ತಿಳಿದ ವಿಷಯ. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು ಬೆಂಗಳೂರಿನಲ್ಲಿಯೇ ಮೊದಲು ಬಿಟ್ಟರು. ದುಂಬಿ ಇಂದಿಗೂ ತಿನ್ನುತ್ತಿದೆ, ಗಿಡವೂ ಇಂದಿಗೂ ಬೆಳೆಯುತ್ತಿದೆ. ಅಂಥ ಜಾಗದಲ್ಲಿ ಅಡ್ಡಾಡಿ ಬಂದ ನಾಯಿಯ ಕಾಲು ಹೊಟ್ಟೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುವುದು ಖರ್ಚಿಲ್ಲದ ಉಪಾಯ. ಮನೆಯ ಸುತ್ತಲ ಗಿಡವನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಹಾಕಿಕೊಂಡು, ಕೀಳುವುದು ಇನ್ನೂ ಒಳ್ಳೆಯದು.

ಈ ಅಲರ್ಜಿ ಬೇರುಸಹಿತ ಹೋಗುವಂಥದಲ್ಲ ಎಂಬುದನ್ನು ಮುಚ್ಚಿಡಬಾರದು. ವಾಸಿಮಾಡಿಕೊಡುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಆದರೆ ಹತೋಟಿಯಲ್ಲಿಡಬಹುದು, ಮನುಷ್ಯರು ಉಬ್ಬಸವನ್ನು ಹತೋಟಿಯಲ್ಲಿಟ್ಟು ಬಾಳುವಂತೆ. ವಾರಕ್ಕೊಮ್ಮೆ ತಣ್ಣನೆಯ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ನಾಯಿಗೆಂದೇ ತಯಾರಿಸಿದ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು, ಕೂದಲಿನ ಬುಡದವರೆಗೂ ಒಣಗಿಸಬೇಕು. ಬಟ್ಟೆ ಸಾಬೂನು, ಪಾತ್ರೆ ಪುಡಿ ಕೂಡದು. ಮೈ ಜಿಡ್ಡಾಗಿ ಹುಳಿ ವಾಸನೆ ಬಂದರೆ, ಕೀವುಗುಳ್ಳೆ ಎದ್ದರೆ, ಕೆರೆದ ಗಾಯದಲ್ಲಿ ಬೂಷ್ಟು ಅಥವಾ ಸೂಕ್ಷ್ಮಜೀವಿ ಸೇರಿದೆ ಎಂದು ಅರ್ಥ. ಅದಕ್ಕೆ ಬೇರೆ ಮದ್ದಾಗದೆ ತುರಿಕೆ ತಗ್ಗುವುದಿಲ್ಲ. ಮನುಷ್ಯರು ನುಂಗುವ ಸೆಟ್ರಿಜಿನ್ ಮಾತ್ರೆಯಿಂದ ನಾಯಿಗೆ ಅಷ್ಟಾಗಿ ಗುಣ ಕಾಣದು. 2013ರಿಂದ ಬಳಕೆಗೆ ಬಂದ ಓಕ್ಲಾಸಿಟಿನಿಬ್ ಎಂಬ ಮಾತ್ರೆ ನವೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ವರ್ಷ ತುಂಬದ ನಾಯಿಗೆ ಅದನ್ನು ಕೊಡುವುದಿಲ್ಲ. ತೆಂಗಿನ ಎಣ್ಣೆ ಒಣಚರ್ಮಕ್ಕೆ ತುಸು ಹಿತ ಕೊಟ್ಟೀತು, ಅದಕ್ಕೆ ಕರ್ಪೂರ ಬೆರೆಸಬೇಡಿ.

ನವೆಯಿಂದ ಬಳಲಿದ ನಾಯಿ ಕಚ್ಚಿದರೆ, ಸಾಕಿದ ನಾಯಿಯಾದರೂ, ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ನಾಯಿಗೆ ಹುಚ್ಚುರೋಗದ ಲಸಿಕೆಯನ್ನು ಮೂರು ತಿಂಗಳ ಪ್ರಾಯದಲ್ಲಿ ಹಾಕಿಸಿ, ಮುಂದೆಯೂ ವೈದ್ಯರು ಹೇಳಿದ ಕಾಲಕ್ಕೆ ಹಾಕಿಸುತ್ತಿರಬೇಕು.

ಸಮೀಪದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಿಯೂ ಕಾರಣ ಬಗೆಹರಿಯದಿದ್ದರೆ, 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬಾಣಸವಾಡಿಯಿಂದ ಹೊರವರ್ತುಲ ರಸ್ತೆ ಹಿಡಿದು ಹೆಣ್ಣೂರು ಕ್ರಾಸ್, ನಾಗವಾರಗಳ ಮೇಲೆ ಹೋದರೆ ಹೆಬ್ಬಾಳ ಸಿಗುತ್ತದೆ. ಹೋಗುವ ಮೊದಲ ಎರಡು ಮೂರು ದಿನ ನಾಯಿಗೆ ಸ್ನಾನ ಮಾಡಿಸಬೇಡಿ, ಎಣ್ಣೆ ಹಚ್ಚಬೇಡಿ. ತೊಳೆದ ಚರ್ಮದಲ್ಲಿ ಗುರುತುಗಳು ಅಳಿದಿರುತ್ತವೆ. ತುರಿಕೆ ಯಾವ ತಿಂಗಳು ಮೊದಲಾಯಿತು, ಏನೇನು ತಿನ್ನಿಸುತ್ತೀರಿ, ಮನೆಯಲ್ಲಿ ಬೇರೆ ಯಾರಿಗಾದರೂ ನವೆಯಿದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇದುವರೆಗೆ ಹಾಕಿದ ಮದ್ದುಗಳ ಡಬ್ಬಿಗಳನ್ನು, ಹೇಳಲು ಸಂಕೋಚವೆನಿಸುವಂಥವನ್ನೂ ಸೇರಿಸಿ, ಒಂದು ಚೀಲದಲ್ಲಿ ಜೊತೆಗೆ ಒಯ್ಯಿರಿ.